ಆರು ನಟ್ಟು, ಮೂರು ಮಿಲಿಮೀಟರ್

ನಮ್ಮ ಉಡುಪಿ ಕಡೆ ಪಿಕಪ್ ಅಂದ್ರೆ ಮೀನು. ಬೆಳಗಾಗುವಾಗ ಮಲ್ಪೆ ಬಂದರಿನಿಂದ ಐಸ್ ನೀರು ಸುರಿಸಿಕೊಂಡು ಹೊರಡುವ ಬೊಲೆರೊಗಳು, ಅವುಗಳ ಹಿಂದೆ ಮೂಗು ಮುಚ್ಚಿಕೊಂಡ ನಾವು ಬೈಕಿನವರು. ಮೀನಲ್ಲದಿದ್ರೆ ಕೆಂಪುಕಲ್ಲು, ತೆಂಗಿನಕಾಯಿ, ಮದುವೆಮನೆಯ ಶಾಮಿಯಾನ. ಅಂಥ ಗಾಡಿಗೆ ದುಡ್ಡು ಸುರಿದು ಅಲಾಯ್ ವೀಲ್ ಹಾಕಿಸ್ತೇನೆ ಅಂತ ಯಾರಾದ್ರೂ ಹೊರಟರೆ ಊರಿನವರು ನಗುವುದು ಸಹಜ.

ಹಾಗೆ ಹೊರಟವನು ನನ್ನ ದೊಡ್ಡಪ್ಪನ ಮಗ. ಮಸ್ಕತ್‌ನಲ್ಲಿ 11 ವರ್ಷ ಕಂಪನಿಯ ಹಿಲಕ್ಸ್ ಓಡಿಸಿ, ಈಗ ಕಾಪುವಿನಲ್ಲಿ ಬಂದು ನಿಂತಿದ್ದಾನೆ. ಇಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲಿ ಇಸುಜು ಡಿ-ಮ್ಯಾಕ್ಸ್ ಹೈ-ಲ್ಯಾಂಡರ್ ತಗೊಂಡ. ಅದೇ ಜಾತಿಯ ವಿ-ಕ್ರಾಸ್‌ಗೆ 18 ಇಂಚಿನ ಅಲಾಯ್ ಬರ್ತದೆ, ಹೈ-ಲ್ಯಾಂಡರ್‌ಗೆ 16 ಇಂಚಿನ ಉಕ್ಕಿನ ರಿಮ್. ಅಣ್ಣನ ಕಣ್ಣಿಗೆ ಅದೊಂದೇ ಮುಳ್ಳು.

ಮನೆಯಲ್ಲಿ ತುಳುವಿನಲ್ಲಿ ನಡೆದ ವಾಗ್ವಾದವನ್ನು ಕನ್ನಡದಲ್ಲಿ ಹೇಳುವುದಾದ್ರೆ ಇಷ್ಟೇ.

"ಅಡಕೆ ಹೊರುವ ಗಾಡಿಗೆ ಎಂತಕ್ಕೆ ಶೃಂಗಾರ?"

"ಕಂಬಳದ ಕೋಣಕ್ಕೆ ಶೃಂಗಾರ ಮಾಡುದಿಲ್ವಾ ಅಪ್ಪ?"

"ಕೋಣ ಓಡ್ತದೆ ಅಂತ ಶೃಂಗಾರ ಮಾಡುದು. ಶೃಂಗಾರ ಮಾಡಿದ್ರಿಂದ ಓಡುದಲ್ಲ."

ನಾನು ಮಣಿಪಾಲದಲ್ಲಿ ಕೆಲಸ ಮಾಡುವವನು, ಶನಿವಾರ ರಜೆ. ಹಾಗಾಗಿ ಅಣ್ಣನ ಜೊತೆ ಅಂಗಡಿ ಸುತ್ತುವ ಕೆಲಸ ನನಗೆ ಬಿತ್ತು. ಅಲ್ಲಿ ಅರ್ಥವಾದದ್ದೇನು ಅಂದ್ರೆ, ವೀಲ್‌ನಲ್ಲಿ ಕಣ್ಣಿಗೆ ಬೀಳುವುದು ಡಿಸೈನ್. ಜೀವ ಕಾಯುವುದು ಮಾತ್ರ ರಿಮ್‌ನ ಹಿಂಬದಿಯಲ್ಲಿ ಅಚ್ಚೊತ್ತಿದ ಅಂಕಿಗಳು.

ಮೊದಲನೆಯದು ಪಿಸಿಡಿ, ಅಂದ್ರೆ ಬೋಲ್ಟ್‌ಗಳು ಕೂತಿರುವ ವೃತ್ತದ ಅಳತೆ. ಡಿ-ಮ್ಯಾಕ್ಸ್‌ಗೂ ಹಿಲಕ್ಸ್‌ಗೂ ಒಂದೇ: ಆರು ಬೋಲ್ಟು, 139.7 ಮಿ.ಮೀ. ಇದು ಕೇಳಿದ್ದೇ ಅಣ್ಣನ ಮುಖ ಅರಳಿತು. ಹಿಲಕ್ಸ್‌ನ ವೀಲ್ ತನ್ನ ಗಾಡಿಗೆ ಕೂರ್ತದೆ! ಕೂರ್ತದೆ ನಿಜ. ಆದ್ರೆ ಹಿಲಕ್ಸ್ ವೀಲ್‌ನ ನಡುವಿನ ತೂತು ಸುಮಾರು 106 ಮಿ.ಮೀ., ಡಿ-ಮ್ಯಾಕ್ಸ್‌ನ ಹಬ್ಬು ಸುಮಾರು 100. ಸುತ್ತಲೂ ಮೂರು ಮಿಲಿಮೀಟರ್ ಖಾಲಿ. ವೀಲನ್ನು ನಡುವಿಗೆ ಹಿಡಿದು ಕೂರಿಸಬೇಕಾದ ಹಬ್ಬು ಆಗ ಏನನ್ನೂ ಹಿಡಿಯುವುದಿಲ್ಲ. ಆರು ನಟ್ಟುಗಳೇ ಎಲ್ಲ ನೋಡಿಕೊಳ್ಳಬೇಕು. ಒಂಚೂರು ಓರೆಯಾಗಿ ಕೂತರೆ ವೇಗದಲ್ಲಿ ಸ್ಟೇರಿಂಗ್ ನಡುಗ್ತದೆ. ಪರಿಹಾರ ಸುಲಭ: ಆ ಜಾಗ ತುಂಬುವ ಬಳೆಯಂಥ ಒಂದು ಹಬ್ ರಿಂಗ್. ಅಂಗಡಿಯವರು ತಾವಾಗಿ ಕೊಡಲಿಲ್ಲ, ಕೇಳಿದ ಮೇಲೆ ತರಿಸಿಕೊಟ್ಟರು.

ಎರಡನೆಯದು ಆಫ್‌ಸೆಟ್. ರಿಮ್‌ನ ನಡುಗೆರೆಯಿಂದ ಹಬ್ಬಿಗೆ ಅಂಟುವ ಮುಖ ಎಷ್ಟು ದೂರ ಅನ್ನುವ ಲೆಕ್ಕ ಇದು. ಪ್ಲಸ್ 30 ಇದ್ದಲ್ಲಿ ಸೊನ್ನೆಯದ್ದು ಹಾಕಿದ್ರೆ, ಅಷ್ಟೇ ಅಗಲದ ರಿಮ್ ಆದ್ರೂ ಒಂದೊಂದು ಬದಿಗೆ 30 ಮಿ.ಮೀ. ಹೊರಗೆ ಬರ್ತದೆ. ನೋಡಲಿಕ್ಕೆ ಗಾಡಿ ಪೈಲ್ವಾನನ ಹಾಗೆ ಕಾಣ್ತದೆ. ಅಣ್ಣನಿಗೆ ಬೇಕಾದ್ದು ಅದೇ. ಆದ್ರೆ ವೀಲ್ ಬೇರಿಂಗ್ ಮೇಲೆ ಭಾರ ಬೀಳುವ ರೀತಿ ಬದಲಾಗ್ತದೆ, ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಯಿಂದ ಎಳಕೊಳ್ತದೆ. ದೊಡ್ಡಪ್ಪ ಹೇಳಿದ್ದು ಇನ್ನೊಂದು: "ಮಡ್‌ಗಾರ್ಡಿನ ಹೊರಗೆ ಟಯರ್ ಬಂದ್ರೆ ಮಳೆಗಾಲದಲ್ಲಿ ಕೆಸರು ಯಾರ ಮೇಲೆ ಹಾರ್ತದೆ ಗೊತ್ತುಂಟಾ? ಶಾಲೆಗೆ ಹೋಗುವ ಮಕ್ಕಳ ಮೇಲೆ." ಈ ಮಾತಿಗೆ ಅಣ್ಣನಲ್ಲಿ ಉತ್ತರ ಇರಲಿಲ್ಲ.

ಮೂರನೆಯದು ಟಯರಿನ ಎತ್ತರ. ಮೂಲ ಅಳತೆ 245/70 ಆರ್ 16, ವ್ಯಾಸ ಹೆಚ್ಚುಕಮ್ಮಿ 749 ಮಿ.ಮೀ. ಅಣ್ಣ ಆಸೆಪಟ್ಟ 265/70 ಆರ್ 17ಕ್ಕೆ 803. ಶೇಕಡಾ ಏಳರಷ್ಟು ಹೆಚ್ಚು. ಮೀಟರ್ 80 ತೋರಿಸುವಾಗ ಗಾಡಿ 85ರ ಮೇಲೆ ಓಡ್ತಿರ್ತದೆ. ವಿ-ಕ್ರಾಸ್‌ನ 255/60 ಆರ್ 18ಕ್ಕೆ 763, ವ್ಯತ್ಯಾಸ ಎರಡಕ್ಕಿಂತ ಕಮ್ಮಿ.

ಇದರ ಜೊತೆ ಕಾನೂನೂ ಉಂಟು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹಿಡಿದು ಹೇಳಿತು. ಹಾಗಿರುವಾಗ ತಯಾರಕರೇ ಅದೇ ಜಾತಿಯ ಗಾಡಿಗೆ ಕೊಟ್ಟ ಅಳತೆಯ ಹತ್ತಿರ ನಿಲ್ಲುವುದು ಬುದ್ಧಿವಂತಿಕೆ.

ಕೊನೆಗೆ 18 ಇಂಚಿನ ಕಪ್ಪು ಅಲಾಯ್ ಆಯ್ತು. ಆಫ್‌ಸೆಟ್ ಮೂಲದ ಹತ್ತಿರದ್ದು, ಹಿಂಬದಿಯಲ್ಲಿ ಎಷ್ಟು ಕಿಲೋ ತಡೀತದೆ ಅಂತ ಅಚ್ಚಿದ್ದದ್ದು. ಟಯರಿನ ಲೋಡ್ ಇಂಡೆಕ್ಸ್ ಕೂಡ ನೋಡಿದೆವು: 108 ಅಂದ್ರೆ ಒಂದು ಟಯರಿಗೆ ಸಾವಿರ ಕಿಲೋ, 112 ಅಂದ್ರೆ 1120. ಟಯರಿನ ಪಕ್ಕೆ 171ರಿಂದ 153 ಮಿ.ಮೀ.ಗೆ ಇಳಿದದ್ದು ನಷ್ಟವೇ. ಗುಂಡಿಯ ಪೆಟ್ಟು ಈಗ ರಿಮ್‌ಗೆ ಬೇಗ ತಾಗ್ತದೆ. ಎಲ್ಲವೂ ಸಿಗುವುದಿಲ್ಲ.

ಫಿಟ್ ಮಾಡುವ ಹುಡುಗ ಗನ್ ಹಿಡಿದು ಬಂದಾಗ ಅಣ್ಣ ತಡೆದ. ನಟ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಒಂದರ ಎದುರಿಗೆ ಇನ್ನೊಂದು ಅನ್ನುವ ಕ್ರಮದಲ್ಲಿ, ಟಾರ್ಕ್ ರೆಂಚಿನಲ್ಲಿ ಮ್ಯಾನುವಲ್ ಹೇಳಿದಷ್ಟೇ ಬಿಗಿಸಿದ. ಮಸ್ಕತ್ ಕಲಿಸಿದ ಶಿಸ್ತು. ಹೊಸ ವೀಲ್ ಮೊದಲ ಐವತ್ತು ನೂರು ಕಿಲೋಮೀಟರ್‌ನಲ್ಲಿ ಕೂತುಕೊಳ್ತದೆ, ನಟ್ಟು ಸಡಿಲ ಆಗಬಹುದು. ಅದಕ್ಕೇ ಆ ದಿನವೇ ಹಿರಿಯಡ್ಕ, ಬೈಲೂರು ದಾರಿಯಲ್ಲಿ ಕಾರ್ಕಳಕ್ಕೆ, ಅತ್ತಿಗೆಯ ತವರಿಗೆ ಹೋದೆವು.

ದಾರಿಯಲ್ಲಿ ಕೇಳಿದೆ, ಇಷ್ಟೆಲ್ಲ ಯಾಕೆ ಅಂತ. ಅಣ್ಣ ರಸ್ತೆ ಬಿಟ್ಟು ಕಣ್ಣು ತೆಗೀಲಿಲ್ಲ.

"ಅಲ್ಲಿ 11 ವರ್ಷ ಓಡಿಸಿದೆ ಮಾರಾಯ. ಕಂಪನಿ ಗಾಡಿ. ಒಂದು ಸ್ಟಿಕ್ಕರ್ ಅಂಟಿಸ್ಲಿಕ್ಕೂ ಬಿಡುದಿಲ್ಲ. ಬರುವ ದಿನ ಕೀ ಕೊಟ್ಟು ಸೈನ್ ಹಾಕಿ ಬಂದೆ, ಅಷ್ಟೇ."

ಅಂಥವನ ಆಸೆಯನ್ನು ಶೋಕಿ ಅಂತ ಕರೆಯುವುದು ನಮಗೆ ಸುಲಭ. ನಾವು ಆಫೀಸಿನ ಲ್ಯಾಪ್‌ಟಾಪಿಗೆ ಸ್ಟಿಕ್ಕರ್ ಅಂಟಿಸುವವರು. ನನಗನ್ನಿಸುವುದು, ಆಸೆ ಪಡುವುದರಲ್ಲಿ ತಪ್ಪಿಲ್ಲ. ಅದಕ್ಕೆ ಅಳತೆ ಗೊತ್ತಿರಬೇಕು, ಭಾರ ಹೊರುವ ತಾಕತ್ತಿರಬೇಕು, ಬೇರೆಯವರ ಮೇಲೆ ಕೆಸರು ಹಾರಿಸಬಾರದು.

ಕಾರ್ಕಳ ತಲುಪಿದ್ದೇ ಅಣ್ಣ ಅಂಗಳದಲ್ಲಿ ಕೂತು ಮತ್ತೆ ರೆಂಚ್ ಹಿಡಿದ. 24 ನಟ್ಟುಗಳಲ್ಲಿ ಮೂರು ಒಂಚೂರು ತಿರುಗಿದವು. ಈಗ ಕಾಪುವಿನ ಉಪ್ಪುಗಾಳಿಗೆ ಹೆದರಿ ವಾರಕ್ಕೊಮ್ಮೆ ಬಾವಿನೀರಲ್ಲಿ ವೀಲ್ ತೊಳೀತಾನೆ. ಹಳೆಯ ಉಕ್ಕಿನ ರಿಮ್‌ಗಳು ಕೊಟ್ಟಿಗೆಯಲ್ಲಿ ಟರ್ಪಾಲಿನ ಅಡಿಯಲ್ಲಿವೆ. ಅಡಕೆಯ ಸಮಯಕ್ಕೆ ಅವನ್ನೇ ಹಾಕುವುದು ಅಂತ ಅಪ್ಪ ಮಗನ ನಡುವೆ ಒಪ್ಪಂದ. ಅದಕ್ಕೆ ತುಕ್ಕು ಹಿಡಿಯಬಾರದು ಅಂತ ಎಣ್ಣೆ ಸವರಿಟ್ಟವರು ದೊಡ್ಡಪ್ಪ.