ಕೊಂಡ್ಲಹಳ್ಳಿಯಿಂದ ಬೆಂಕಿ–ಹಿಮಗಳ ನಾಡಿಗೆ

ಪ್ರವಾಸವೆಂದೊಡನೆ ನಮ್ಮ ಗೃಹಸ್ಥರ ಮನಸ್ಸು ದೂರಕ್ಕೆ ಓಡುವುದು ವಾಡಿಕೆ. ಅನುಕೂಲವಂತರು ಮಕ್ಕಳನ್ನು ಕರೆದುಕೊಂಡು ಐಸ್‌ಲೆಂಡಿನಂತಹ ದೇಶಗಳಿಗೂ ಹೋಗಿಬರುತ್ತಾರೆ. ಅಲ್ಲಿ ಹಿಮನದಿಯನ್ನೂ ಜ್ವಾಲಾಮುಖಿಯನ್ನೂ ಒಂದೇ ದಾರಿಯಲ್ಲಿ ನೋಡಬಹುದು. ಅಷ್ಟು ಅನುಕೂಲವಿಲ್ಲದವರು ಚಿತ್ರಗಳನ್ನು ನೋಡಿ ತೃಪ್ತರಾಗುತ್ತಾರೆ. ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿಯಂತಹ ಊರಿನ ಮಕ್ಕಳಿಗಾದರೋ ತಮ್ಮ ಸೀಮೆಯ ವಿಷಯವಾಗಿ ಹಿರಿಯರಿಂದ ಕೇಳಿಬರುವ ಮಾತು ಒಂದೇ: “ಇಲ್ಲೇನಿದೆ? ಬರೀ ಕಲ್ಲು, ಬರೀ ಬಿಸಿಲು.” ಇದನ್ನೇ ಕೇಳಿ ಬೆಳೆದ ಮಗು ತನ್ನ ಊರನ್ನು ಬಿಟ್ಟುಹೋಗತಕ್ಕ ಸ್ಥಳವೆಂದು ತಿಳಿಯುವುದೇ ಹೊರತು ನೋಡತಕ್ಕ ಸ್ಥಳವೆಂದು ತಿಳಿಯುವುದಿಲ್ಲ.

ಆದರೆ ಆ ‘ಬರೀ ಕಲ್ಲಿ’ನಲ್ಲಿಯೇ ಬೆಂಕಿಯ ಗುರುತೂ ಹಿಮದ ಗುರುತೂ ಉಂಟು. ಅವೆರಡೂ ನಮ್ಮ ಚಿತ್ರದುರ್ಗ ಜಿಲ್ಲೆಯೊಳಗೇ ಇವೆ. ಎರಡು ದಿನಗಳ ಮೋಟಾರು ಪ್ರಯಾಣದಲ್ಲಿ ಅವನ್ನು ಮಕ್ಕಳಿಗೆ ತೋರಿಸಬಹುದು. ಶೇಂಗಾ ಕಿತ್ತು ಮುಗಿದು, ಬಿಸಿಲು ಇನ್ನೂ ಏರದಿರುವ ಪುಷ್ಯಮಾಸದಲ್ಲಿ ನಾವು ಹಾಗೆಯೇ ಹೊರಟೆವು. ಜೊತೆಯಲ್ಲಿ ಮಕ್ಕಳಿಬ್ಬರು, ಅವರ ಅಜ್ಜಿ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಕುಡಿಯುವುದಕ್ಕೆ ಬೇಕಾದಷ್ಟು ನೀರು.

ಮೊದಲು ನೋಡಿದುದು ನಮ್ಮ ತಾಲ್ಲೂಕಿನ ಬ್ರಹ್ಮಗಿರಿ. ಮನೆಗಾತ್ರದ ಗುಂಡುಗಳು ಒಂದರ ಮೇಲೊಂದು ಕುಳಿತ ಗುಡ್ಡವಿದು. “ಇವನ್ನು ಯಾರಪ್ಪಾ ಹೊತ್ತು ಹಾಕಿದವರು?” ಎಂದು ಚಿಕ್ಕವಳು ಕೇಳಿದಳು. ಯಾರೂ ಹೊರಲಿಲ್ಲ. ರಾಮನಗರದ ಕಡೆಯಿಂದ ಪಾವಗಡ, ಮೊಳಕಾಲ್ಮುರುಗಳ ಮೇಲೆ ಹಂಪೆಯ ಕಡೆಗೆ ಉದ್ದಕ್ಕೆ ಹಬ್ಬಿರುವ ಗ್ರಾನೈಟಿನ ಪಟ್ಟಿಯೊಂದುಂಟು. ರಾಮನಗರದ ಹಳೆಯ ಹೆಸರಿನಿಂದ ಇದನ್ನು ಕ್ಲೋಸ್‌ಪೇಟೆ ಗ್ರಾನೈಟೆಂದು ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ ಕರಗಿದ ಕಲ್ಲು ಮೆಲ್ಲನೆ ಆರಿ ಗಟ್ಟಿಯಾದುದೇ ಇದು. ಮೇಲಿನ ನೆಲವು ಕಾಲಾಂತರದಲ್ಲಿ ಸವೆದುಹೋಗಲು ಅದು ಹೊರಬಿದ್ದು ಬಿರುಕುಬಿಟ್ಟಿತು. ಬಿರುಕಿನಲ್ಲಿ ನೀರಿಳಿದು ಕಲ್ಲಿನ ಮೂಲೆಗಳನ್ನು ಮೊದಲು ತಿಂದಿತು. ಒದ್ದೆಗೆ ಸಿಕ್ಕಿದ ಬೆಲ್ಲದ ಅಚ್ಚಿನ ಅಂಚುಗಳು ಮೊದಲು ಕರಗಿ ಅಚ್ಚು ಗುಂಡಗಾಗುವಂತೆಯೇ ಈ ಬಂಡೆಗಳೂ ನಿಂತಲ್ಲಿಯೇ ಗುಂಡಗಾದುವು.

ಇಲ್ಲಿಯೇ ಅಶೋಕನ ಶಾಸನವಿದೆ. ಇದನ್ನೂ, ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಇಂತಹವೇ ಶಾಸನಗಳನ್ನೂ 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದರು. ಬರೆದ ಲಿಪಿಕಾರ ಚಪಡನು ತನ್ನ ಹೆಸರನ್ನು ಕಡೆಯಲ್ಲಿ ಹೇಳಿಕೊಂಡಿದ್ದಾನೆ. ಶಾಸನಕ್ಕೆ 2,200 ವರ್ಷಗಳಿಗೂ ಮಿಕ್ಕಿ ವಯಸ್ಸೆಂದಾಗ ಮಕ್ಕಳು ಬೆರಗಾದರು. ಆಗ ದೊಡ್ಡವನ ಕೈಯಲ್ಲಿ ಒಂದು ಲೆಕ್ಕ ಮಾಡಿಸಿದೆವು: ಕಲ್ಲಿನ ವಯಸ್ಸನ್ನು ಒಂದು ವರ್ಷವೆಂದು ಹಿಡಿದರೆ ಅದರ ಮೇಲಿನ ಬರಹದ ವಯಸ್ಸೆಷ್ಟು? ಅರ್ಧ ನಿಮಿಷವೂ ಆಗಲಿಲ್ಲ. ಹುಡುಗನು ಗುಣಿಸಿದುದನ್ನು ಮತ್ತೆ ಗುಣಿಸಿ ನೋಡಿದನು. ಆಮೇಲೆ ಬಂಡೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತನು.

ಅಲ್ಲಿಂದ ಚಳ್ಳಕೆರೆಯ ಮಾರ್ಗವಾಗಿ ಚಿತ್ರದುರ್ಗಕ್ಕೆ ಬಂದೆವು. ದಾರಿಯುದ್ದಕ್ಕೂ ಶೇಂಗಾದ ಹೊಲಗಳು, ಕುರಿಮಂದೆಗಳು, ಕರಿಕಂಬಳಿ ಹೊದ್ದ ಕುರುಬರು. ಸಂಜೆ ಕೋಟೆಯನ್ನು ನೋಡುತ್ತ ಅಜ್ಜಿ ಹಿಡಿಂಬಾಸುರನ ಕಥೆಯನ್ನೂ ಭೀಮನು ಅವನನ್ನು ಕೊಂದುದನ್ನೂ ಹೇಳಿದರು. ಚಿಕ್ಕವಳಿಗೆ ಸಂದೇಹ ಬಂದಿತು: “ಅಜ್ಜಿ ಹೇಳಿದ್ದು ನಿಜವೋ, ಅಪ್ಪ ಹೇಳಿದ್ದು ನಿಜವೋ?” ಇಂತಹ ಪ್ರಶ್ನೆಗೆ ಅಜ್ಜಿಯನ್ನು ಸುಳ್ಳುಗಾತಿಯನ್ನಾಗಿ ಮಾಡುವ ಉತ್ತರ ಸಲ್ಲದು, ಬಂಡೆಯ ಸಾಕ್ಷ್ಯವನ್ನು ಮರೆಸುವ ಉತ್ತರವೂ ಸಲ್ಲದು. “ಈ ಬೆಟ್ಟವನ್ನು ನೋಡಿ ನಮ್ಮ ಹಿರಿಯರಿಗೆ ಏನನ್ನಿಸಿತೆಂಬುದನ್ನು ಅಜ್ಜಿಯ ಕಥೆ ಹೇಳುತ್ತದೆ, ಬೆಟ್ಟ ಹೇಗಾಯಿತೆಂಬುದನ್ನು ಕಲ್ಲೇ ಹೇಳುತ್ತದೆ. ಎರಡನ್ನೂ ಕೇಳು, ಒಂದಕ್ಕೊಂದನ್ನು ಬೆರೆಸಬೇಡ” ಎಂದೆವು. ಅಜ್ಜಿಯೂ ಒಪ್ಪಿದರು.

ಮರುದಿನ ಬೆಳಗ್ಗೆ ಹಿರಿಯೂರಿನ ಕಡೆಯ ಹೆದ್ದಾರಿ ಹಿಡಿದು ಐಮಂಗಲದ ಬಳಿಯ ಮರಡಿಹಳ್ಳಿಗೆ ಹೋದೆವು. ಬೆಂಕಿಯ ಕಲ್ಲು ಇರುವುದು ಇಲ್ಲಿ. ದೂರಕ್ಕೆ ಅದೊಂದು ಕುರುಚಲು ಗಿಡಗಳ ಸಾಮಾನ್ಯ ದಿಣ್ಣೆ. ಹತ್ತಿರ ಹೋದರೆ ಹಸಿರುಗಪ್ಪಾದ ಬಂಡೆಯಲ್ಲಿ ದಿಂಬುಗಳನ್ನು ಒತ್ತೊತ್ತಾಗಿ ಪೇರಿಸಿಟ್ಟ ಹಾಗೆ ಕಾಣುತ್ತದೆ. ಭೂವಿಜ್ಞಾನಿಗಳು ಇದನ್ನು ದಿಂಬು ಲಾವಾ ಎನ್ನುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಇದನ್ನು ರಾಷ್ಟ್ರೀಯ ಸ್ಮಾರಕಗಳ ಸಾಲಿಗೆ ಸೇರಿಸಿದೆ.

ಇದು ಆದ ಬಗೆಯನ್ನು ನಾವು ಹೇಳುವ ಮೊದಲೇ ಅಜ್ಜಿ ಹೇಳಿದಂತಾಯಿತು. ಉಂಡೆ ಕಟ್ಟುವಾಗ ಬೆಲ್ಲದ ಪಾಕ ಬಂದಿತೇ ಎಂದು ನೋಡಲು ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಬಿಡುತ್ತಾರಲ್ಲವೇ? ತೊಟ್ಟು ನೀರಿಗೆ ಬಿದ್ದೊಡನೆ ಮೇಲ್ಮೈ ಗಟ್ಟಿಯಾಗಿ ಗುಂಡಗೆ ನಿಲ್ಲುತ್ತದೆ. ಒಳಗಡೆ ಇನ್ನೂ ಮೆತ್ತಗಿರುತ್ತದೆ. ಅದರಂತೆಯೇ ನೀರಿನ ತಳದಲ್ಲಿ ಉಕ್ಕಿದ ಲಾವಾ ಮೇಲೆ ಸಿಪ್ಪೆಗಟ್ಟಿ ದಿಂಬಾಯಿತು. ಒಳಗಿನ ಒತ್ತಡಕ್ಕೆ ಸಿಪ್ಪೆ ಬಿರಿದು ಇನ್ನೊಂದು ದಿಂಬು ಹೊರಬಂದಿತು. ಮೆತ್ತಗಿದ್ದ ದಿಂಬು ಕೆಳಗಿನ ಎರಡರ ನಡುವಣ ಸಂದಿಗೆ ಇಳಿದುದರಿಂದ ಅದರ ಅಡಿ ಚೂಪಾಗಿ, ನೆತ್ತಿ ಉಬ್ಬಾಗಿ ಉಳಿಯಿತು. ಬಂಡೆ ಎಷ್ಟು ಮಗುಚಿದ್ದರೂ ಅಂದಿನ ಮೇಲು ಯಾವುದು, ಕೆಳಗು ಯಾವುದೆಂದು ಇದರಿಂದಲೇ ಹೇಳಬಹುದು. ಹವಾಯಿ ದ್ವೀಪದ ಅಂಚಿನಲ್ಲಿ ಕಡಲೊಳಗೆ ಇಂತಹ ದಿಂಬುಗಳು ಹುಟ್ಟುವುದನ್ನು ಮುಳುಗುಗಾರರು ಕಣ್ಣಾರೆ ಕಂಡು ಚಿತ್ರ ತೆಗೆದಿದ್ದಾರೆ. ಅಂದಮೇಲೆ, ಇಂದು ಒಂದು ಮಳೆಗಾಗಿ ಆಕಾಶ ನೋಡುವ ಈ ಸೀಮೆ ಒಂದು ಕಾಲಕ್ಕೆ ನೀರಿನ ತಳವಾಗಿದ್ದಿತು!

ಕುರಿ ಕಾಯುತ್ತಿದ್ದ ಮುದುಕರೊಬ್ಬರು ನಮ್ಮನ್ನು ನೋಡಿ, “ಏನು ಹುಡುಕ್ತೀರಿ ಸ್ವಾಮಿ, ಚಿನ್ನವೇ?” ಎಂದು ನಕ್ಕರು. ಚಿಕ್ಕವಳು, “ಅಜ್ಜಾ, ನೀವು ಕೂತಿರೋದು ದಿಂಬಿನ ಮೇಲೆ” ಎಂದು ಆ ಉಬ್ಬುಗಳನ್ನು ಒಂದೊಂದಾಗಿ ತೋರಿಸಿದಳು. ಅವರು ಎದ್ದು, ತಾವು ಕುಳಿತಿದ್ದ ಕಲ್ಲನ್ನು ಬಾಗಿ ನೋಡಿದರು. “ಇಷ್ಟು ವರ್ಷ ಇದರ ಮೇಲೇ ಕೂತೆ” ಎಂದರು. ಅಷ್ಟರಲ್ಲಿ ದೊಡ್ಡವನು ಒಂದು ಚೂರನ್ನು ಒಡೆದು ಒಯ್ಯಬೇಕೆಂದನು. ಬೇಡವೆಂದೆವು. ಬಂದವರೆಲ್ಲ ಒಂದೊಂದು ಚೂರು ಒಯ್ದರೆ ಮುಂದೆ ಬರುವವರಿಗೆ ಉಳಿಯುವುದೇನು? ಮರ ಕಡಿದರೆ ಚಿಗುರೀತು, ಇದು ಚಿಗುರುವುದಿಲ್ಲ. ಅವನು ಮುಖ ಸಣ್ಣದು ಮಾಡಿಕೊಂಡರೂ ಕಡೆಗೆ ಪುಸ್ತಕ ತೆಗೆದು ದಿಂಬುಗಳ ಚಿತ್ರ ಬರೆದುಕೊಂಡನು.

ಮಧ್ಯಾಹ್ನ ಬುತ್ತಿ ಮುಗಿಸಿ, ಚಿತ್ರದುರ್ಗಕ್ಕೆ ಹಿಂದಿರುಗಿ, ಹೊಳಲ್ಕೆರೆ ತಾಲ್ಲೂಕಿನ ತಾಳ್ಯಕ್ಕೆ ಹೊರಟೆವು. ಹಿಮದ ಗುರುತು ಇರುವುದು ಆ ಕಡೆಯ ಕಲ್ಲಿನಲ್ಲಿ. ನಯವಾದ ಕೆಸರು ಗಟ್ಟಿಯಾಗಿ ಆದ ಬಂಡೆಯೊಳಗೆ ಬೇರೆಬೇರೆ ಜಾತಿಯ, ಬೇರೆಬೇರೆ ಗಾತ್ರದ ಉಂಡೆಗಲ್ಲುಗಳು ಅಲ್ಲಲ್ಲಿ ಹೂತುಕೊಂಡಿವೆ. ಇಂತಹ ಶಿಲೆಗೆ ಕಾಂಗ್ಲಾಮರೇಟ್ ಎಂದು ಹೆಸರು.

ಇದರಲ್ಲೇನು ವಿಶೇಷವೆಂದು ಕೇಳಬಹುದು. ಹರಿಯುವ ನೀರು ಮೊರ ಹಿಡಿದ ಹೆಂಗಸಿನಂತೆ. ದಪ್ಪವನ್ನು ಒಂದು ಕಡೆಗೆ, ಸಣ್ಣದನ್ನು ಒಂದು ಕಡೆಗೆ ಕೇರಿ ಬೇರೆ ಮಾಡುತ್ತದೆ. ಹಿಮಕ್ಕೆ ಆ ವಿವೇಕವಿಲ್ಲ. ಬಂಡೆ, ಹರಳು, ಹುಡಿ ಎಲ್ಲವನ್ನೂ ಒಟ್ಟಿಗೆ ಹೊತ್ತುಬರುತ್ತದೆ. ಹಿಮನದಿ ಕಡಲನ್ನು ಮುಟ್ಟಿದಾಗ ಅದರ ಗಡ್ಡೆಗಳು ಮುರಿದು ತೇಲುತ್ತವೆ. ಕರಗುತ್ತ ಹೋದಂತೆ ಅವುಗಳೊಳಗಿನ ಕಲ್ಲುಗಳು ತಳದ ನಯವಾದ ಕೆಸರಿಗೆ ಬೀಳುತ್ತವೆ. ತಾಳ್ಯದ ಕಲ್ಲು ಸುಮಾರು 270 ಕೋಟಿ ವರ್ಷಗಳ ಹಿಂದೆ ಹೀಗೆ ಆದುದೆಂದು 2014ರಲ್ಲಿ ನಮ್ಮ ದೇಶದ ಮತ್ತು ಅಮೆರಿಕೆಯ ಭೂವಿಜ್ಞಾನಿಗಳು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದರು. ಇಷ್ಟು ಹಳೆಯ ಶಿಲೆಯ ವಿಷಯದಲ್ಲಿ ಮಾತು ಅಲ್ಲಿಗೇ ಮುಗಿಯಿತೆನ್ನಲಾಗದು. ಇದನ್ನೂ ಮಕ್ಕಳಿಗೆ ತಿಳಿಸಿದೆವು. ದೊಡ್ಡವರೂ ಸಾಕ್ಷ್ಯ ಹಿಡಿದು ತರ್ಕಿಸುತ್ತಾರೆಂದು ತಿಳಿದರೆ ಮಗುವಿಗೆ ತಾನೂ ಯೋಚಿಸಬಹುದೆಂಬ ಧೈರ್ಯ ಬರುತ್ತದೆ.

“ಈ ಬಿಸಿಲಲ್ಲಿ ಹಿಮವೇ?” ಎಂದು ಅಜ್ಜಿ ಸೆರಗಿನಿಂದ ಗಾಳಿ ಬೀಸಿಕೊಂಡರು. ಆ ಕಾಲಕ್ಕೆ ಈ ನೆಲ ಭೂಮಿಯ ಮೇಲೆ ಇಂದಿರುವ ಸ್ಥಳದಲ್ಲಿರಲಿಲ್ಲ, ಹವೆಯೂ ಇಂದಿನದಲ್ಲ. ನೆಲವೂ ತಿರುಗಾಡಿದೆಯೆಂದು ಕೇಳಿ ಚಿಕ್ಕವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಹೀಗೆ ಹೊರಡುವ ಗೃಹಸ್ಥರಿಗೆ ಕೆಲವು ಮಾತುಗಳು. ದಿನಕ್ಕೆ ಎರಡು ಸ್ಥಳಗಳಿಗಿಂತ ಹೆಚ್ಚು ಬೇಡ. ಮಕ್ಕಳ ಕಾಲು ಸೋತ ಮೇಲೆ ಕಣ್ಣು ನೋಡುವುದಿಲ್ಲ. ತಲೆಗೆ ಟೋಪಿ, ಕಾಲಿಗೆ ಗಟ್ಟಿ ಪಾದರಕ್ಷೆ ಇರಲಿ. ಜಾಲಿಮುಳ್ಳು ಎಲ್ಲೆಲ್ಲಿಯೂ ಉಂಟು. ಕಲ್ಲೆತ್ತಿದರೆ ಕೆಳಗೆ ಚೇಳಿರಬಹುದು. ಹೊಲದ ಬದಿಯಲ್ಲಿ ಹೋಗುವಾಗ ಒಡೆಯರ ಅಪ್ಪಣೆ ಕೇಳುವುದು ಮರ್ಯಾದೆ. ಸುತ್ತಿಗೆ ಮನೆಯಲ್ಲಿರಲಿ, ಬರೆಯುವ ಪುಸ್ತಕ ಕೈಯಲ್ಲಿರಲಿ. ಉತ್ತರವನ್ನು ಮೊದಲೇ ಹೇಳಿಬಿಡದೆ, ನೋಡಿದುದನ್ನು ಮಕ್ಕಳ ಬಾಯಿಂದಲೇ ಹೇಳಿಸಬೇಕು.

ಎಲ್ಲಕ್ಕೂ ಮಿಗಿಲಾದುದು ಇನ್ನೊಂದುಂಟು. ಜಲ್ಲಿಗಾಗಿ ಒಡೆದ ಬಂಡೆಯನ್ನು ಮತ್ತೆ ಕೂಡಿಸುವ ವಿದ್ಯೆ ಯಾರಲ್ಲಿಯೂ ಇಲ್ಲ. ಕಾನೂನಿನ ಕಾವಲು ಇದ್ದರೂ ಕಲ್ಲನ್ನು ಉಳಿಸುವವರು ಅದರ ಬೆಲೆಯನ್ನು ತಿಳಿದ ಊರಿನವರೇ. ಇಂದಿನ ಮಕ್ಕಳು ನಾಳಿನ ಊರಿನವರು. “ಇಲ್ಲೇನಿದೆ” ಎಂಬ ಮಾತನ್ನು ಮನೆಯ ಹಿರಿಯರು ಬಿಟ್ಟು, ಒಂದು ಸಲ ಕೈಹಿಡಿದು ಕರೆದೊಯ್ದು ತೋರಿಸಿದರೆ, ಕಾಯುವ ಕೆಲಸವನ್ನು ಅವರು ತಾವಾಗಿಯೇ ವಹಿಸಿಕೊಂಡಾರು.