ಹೊಗೆಯ ನೆರಳಿನ ಪುಟ್ಟ ಹಳ್ಳಿ

ಷಿಕಾಗೊ ಮಹಾನಗರದ ನೈಋತ್ಯ ಭಾಗದಲ್ಲಿ, ಇಪ್ಪತ್ತಾರನೆಯ ಬೀದಿಗೆ ಅಡ್ಡಲಾಗಿ, ಹೆಂಚಿನ ಮಾಡು ಹೊತ್ತ ಕಮಾನೊಂದು ನಿಂತಿದೆ. ಅರ್ಧ ಸ್ಪಾನಿಷ್, ಅರ್ಧ ಇಂಗ್ಲಿಷ್ ನುಡಿಯಲ್ಲಿ ಅದು ಬಂದವರನ್ನು ಸ್ವಾಗತಿಸುತ್ತದೆ. ಒಳಗೆ ಕಾಲಿಟ್ಟರೆ 'ಲಿಟ್ಲ್ ವಿಲೇಜ್'. ಮೆಕ್ಸಿಕೊ ಮೂಲದ ಕುಟುಂಬಗಳೇ ಬಹುವಾಗಿ ನೆಲಸಿರುವ ಈ ಬಡಾವಣೆಗೆ ಅಲ್ಲಿಯವರ ಮುದ್ದಿನ ಹೆಸರು 'ಲಾ ವಿಯೀಟ'. ಎರಡರ ಅರ್ಥವೂ ಪುಟ್ಟ ಹಳ್ಳಿಯೆಂದೇ.

ಈ ಹಳ್ಳಿಯ ಆಕಾಶವನ್ನು ಬಹುಕಾಲ ಆಳಿದುದು ಕ್ರಾಫರ್ಡ್ ವಿದ್ಯುತ್ ಸ್ಥಾವರದ ಹೊಗೆ. ಬೆಳಕು ಎಲ್ಲೆಡೆಗೆ, ಕಲ್ಲಿದ್ದಲಿನ ಮಸಿ ಮಾತ್ರ ಇಲ್ಲಿಯವರ ಕಿಟಕಿಗೆ! ಈ ಸ್ಥಾವರವೂ ನೆರೆಯ ಫಿಸ್ಕ್ ಸ್ಥಾವರವೂ ಕೂಡಿ ವರ್ಷಕ್ಕೆ 40ಕ್ಕೂ ಹೆಚ್ಚು ಅಕಾಲಮರಣಗಳಿಗೆ ಕಾರಣವಾಗುತ್ತಿವೆಯೆಂದು ಹಾರ್ವರ್ಡಿನ ವಿದ್ವಾಂಸರು ಅಂದಾಜು ಮಾಡಿದ್ದರು.

1994ರಲ್ಲಿ ಶಾಲೆಯೊಂದರ ದುರಸ್ತಿಯ ಧೂಳು ಮಕ್ಕಳಿಗೆ ಅಪಾಯಕರವೆಂದು ಅರಿತ ತಂದೆತಾಯಿಗಳು ಒಂದುಗೂಡಿದರು. ಆ ಕೂಟವೇ ಮುಂದೆ ಬಡಾವಣೆಯ ಪರಿಸರ ನ್ಯಾಯ ಸಂಸ್ಥೆಯಾಯಿತು. ಮನೆಮನೆಯ ಕದ ತಟ್ಟಿ, ಮನೆಮಾತಿನಲ್ಲಿಯೇ ವಿಷಯ ತಿಳಿಸುತ್ತ ನಡೆದ ಹೋರಾಟದ ಫಲವಾಗಿ 2012ರಲ್ಲಿ ಸ್ಥಾವರಗಳೆರಡೂ ಮುಚ್ಚಿದವು. ಮುಂದಾಳು ಕಿಂಬರ್ಲಿ ವಾಸರ್ಮನ್ ಅವರಿಗೆ 2013ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಸಂದಿತು. ಡಾಂಬರಿನ ಕಾರ್ಖಾನೆಯಿಂದ ವಿಷಮಯವಾಗಿದ್ದ ನೆಲ ಶುದ್ಧಿಗೊಂಡು, 2014ರ ಡಿಸೆಂಬರಿನಲ್ಲಿ 21 ಎಕರೆಗೂ ಮಿಕ್ಕ ಉದ್ಯಾನವಾಗಿ ತೆರೆಯಿತು. ಈ ಸಂಸ್ಥೆಯವರು ಪರಸ್ಥಳದವರಿಗಾಗಿ ವಿಚಿತ್ರವಾದ ಯಾತ್ರೆಯೊಂದನ್ನೂ ನಡೆಸುತ್ತಾರೆ. ಅಲ್ಲಿ ತೋರಿಸುವುದು ಅರಮನೆ ಗೋಪುರಗಳನ್ನಲ್ಲ, ಮಲಿನಗೊಂಡ ಎಡೆಗಳನ್ನು!

ಕಸದ ಪಾಠ ಇಂಥವರಿಗೆ ಹೊಸತೇ? ಅವರ ಅಡಿಗೆಮನೆಯನ್ನು ಇಣುಕಿದರೆ ಸಾಕು. ಹಬ್ಬದ 'ತಮಾಲೆ' ಬೇಯುವುದು ಮುಸುಕಿನ ಜೋಳದ ಮುಸುಕಿನಲ್ಲಿಯೇ. ಉಂಡ ಮೇಲೆ ಆ ಹೊದಿಕೆ ಮಣ್ಣಿಗೆ ಬಿದ್ದು ಗೊಬ್ಬರವಾಗುತ್ತದೆ. ಬಿಸಿ ರೊಟ್ಟಿಗೆ ಹೊದಿಕೆ ಒಗೆದು ಮತ್ತೆ ಬಳಸುವ ಬಟ್ಟೆ. ಬಡತನದ ಗುರುತೆಂದು ಮೊಮ್ಮಕ್ಕಳು ನಾಚಿ ತೊರೆಯಬಹುದಾಗಿದ್ದ ಈ ಹದವನ್ನೇ ವಿದ್ಯೆಯೆಂದು ಎತ್ತಿ ತೋರಿದಾಗ ಅಜ್ಜಿ ಗುರುವಾಗುತ್ತಾಳೆ. ಹೊರಗಿನವರು ಅಚ್ಚು ಹಾಕಿಸಿ ಹಂಚಿದ ಉಪದೇಶಕ್ಕೆ ಈ ಬಲವೆಲ್ಲಿಯದು?

ಆದರೂ ಕಥೆ ಸುಖಾಂತವಲ್ಲ. 2020ರ ಏಪ್ರಿಲ್ 11ರಂದು, ಉಸಿರು ಕಸಿಯುವ ಮಹಾಮಾರಿಯ ನಡುವೆಯೇ, ಸ್ಥಾವರದ ಹಳೆಯ ಚಿಮಣಿಯನ್ನು ಸಿಡಿಸಿ ಕೆಡವಲಾಯಿತು. ಧೂಳಿನ ಮೋಡ ಮನೆಗಳನ್ನು ಕವಿಯಿತು. ಹೊದಿಕೆಯನ್ನೂ ವ್ಯರ್ಥಮಾಡದವರ ಅಂಗಳಕ್ಕೆ ಪರರ ಬೂದಿ ಬಂದು ಬಿದ್ದಿತು. ಕಸವನ್ನು ತಗ್ಗಿಸುವ ಪಾಠವನ್ನು ಮೊದಲು ಕಲಿಯಬೇಕಾದವರು ಯಾರು?

ಬಡಾವಣೆಯಲ್ಲಿ 'ನ್ಯಾಯದ ಬೀಜಗಳು' ಎಂಬ ಹೆಸರಿನ ಸಾಮುದಾಯಿಕ ತೋಟವೊಂದುಂಟು. ಒಮ್ಮೆ ಪಾಳುಬಿದ್ದಿದ್ದ ಆ ನೆಲದಲ್ಲಿ ಕುಟುಂಬಗಳು ಇಂದು ತಮ್ಮ ಕೈಯಿಂದಲೇ ಬಿತ್ತಿ ಬೆಳೆಯುತ್ತಿವೆ.