ಹಲ್ಲು ಕಿರಿದರೆಲ್ಲ ನಗುವಲ್ಲ

ಪ್ರಾಣಿಗಳ ಫೋಟೊ ತೆಗೆಯಲು ಮೊದಲು ಬೇಕಾದದ್ದು ತಾಳ್ಮೆ, ಆಮೇಲೆ ಕ್ಯಾಮೆರಾ. ತಾಳ್ಮೆ ನಮ್ಮಂಥ ವಯಸ್ಸಾದವರ ಬಳಿ ಬೇಕಾದಷ್ಟಿದೆ! ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಾನು ನಿವೃತ್ತಿಯ ನಂತರ ಹಚ್ಚಿಕೊಂಡ ಹವ್ಯಾಸವಿದು. ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯವೇ ನನ್ನ ಪಾಠಶಾಲೆ. 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಶುರುವಾದ ಈ ಮೃಗಾಲಯಕ್ಕೆ ಮಂಗಳವಾರ ರಜೆ. ಉಳಿದ ದಿನ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹೋದರೆ ಜನ ಕಡಿಮೆ, ಬಿಸಿಲೂ ಹಿತ.

ರಜೆ ಬಂತೆಂದರೆ ಆರನೇ ತರಗತಿಯ ಮೊಮ್ಮಗಳು ಜೊತೆಗೆ ಬರುತ್ತಾಳೆ. ಮುಖದ ಚಿತ್ರ ತೆಗೆಯುವಾಗ ಫೋಕಸ್ ಕಣ್ಣಿನ ಮೇಲೇ ಇರಬೇಕು. ಕಣ್ಣಿನಲ್ಲಿ ಬೆಳಕಿನ ಒಂದು ಚುಕ್ಕೆ ಹೊಳೆದರೆ ಇಡೀ ಮುಖಕ್ಕೆ ಜೀವ ಬರುತ್ತದೆ. ನಡುವೆ ಜಾಲರಿ ಇದ್ದರೆ, ಪ್ರಾಣಿ ಅದರಿಂದ ದೂರ ಸರಿಯುವವರೆಗೆ ಕಾದು ಝೂಮ್ ಮಾಡಿ ತೆಗೆಯಬೇಕು. ಆಗ ತಂತಿಗಳು ಮಸುಕಾಗಿ ಹೆಚ್ಚುಕಡಿಮೆ ಮಾಯವಾಗುತ್ತವೆ. ಫ್ಲ್ಯಾಷ್ ಮಾತ್ರ ಬೇಡವೇ ಬೇಡ. ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಬಗ್ಗಿ ತೆಗೆದರೆ ಚಿತ್ರ ಚೆನ್ನ. ನನ್ನ ಮಂಡಿ ಒಪ್ಪದ್ದರಿಂದ ಆ ಕೆಲಸ ಮೊಮ್ಮಗಳದು.

ಕಳೆದ ವರ್ಷ ಅವಳ ಶಾಲೆಯಲ್ಲಿ ಚಿತ್ರ ಪ್ರದರ್ಶನವಿತ್ತು. ಅವಳು ಆರಿಸಿದ್ದು ಎರಡೂ ಸಾಲು ಹಲ್ಲು ಕಾಣಿಸುವಂತೆ ಬಾಯಿ ಅಗಲಿಸಿದ್ದ ಚಿಂಪಾಂಜಿಯ ಚಿತ್ರ. ‘ನಗುವ ಚಿಂಪಾಂಜಿ’ ಎಂದು ಹೆಸರೂ ಇಟ್ಟಾಗಿತ್ತು.

“ಪುಟ್ಟಿ, ಇದು ನಗು ಅಲ್ಲಮ್ಮ. ಚಿಂಪಾಂಜಿ ಹೀಗೆ ಹಲ್ಲು ಕಿರಿಯೋದು ಸಾಮಾನ್ಯವಾಗಿ ಹೆದರಿದಾಗ. ಆಟದ ಖುಷಿಯಲ್ಲಿ ಬಾಯಿ ಸಡಿಲವಾಗಿ ತೆರೆದಿರುತ್ತೆ, ಮೇಲಿನ ಹಲ್ಲು ಹೆಚ್ಚಾಗಿ ಕಾಣಿಸೋದಿಲ್ಲ” ಎಂದೆ. ಆ ದಿನ ಬೇಲಿಯ ಈಚೆ ಯಾರೋ ಕಿರುಚುತ್ತ ಕೈ ಬೀಸುತ್ತಿದ್ದರು. ಚಿತ್ರದ ಮೂಲೆಯಲ್ಲಿ ಆ ಕೈ ಮಸುಕಾಗಿ ಬಂದಿತ್ತು.

“ಹಾಗಾದ್ರೆ ಮೇಲಿನ ಹಲ್ಲು ಅಳಿಸಿಬಿಡೋಣ ತಾತ. ಫೋನಲ್ಲಿ ಎರಡು ನಿಮಿಷದ ಕೆಲಸ. ಯಾರಿಗೂ ಗೊತ್ತಾಗಲ್ಲ.”

ಅವಳಿಗೆ ನಮ್ಮ ಹಳೆಯ ಲೆಡ್ಜರಿನ ವಿಷಯ ಹೇಳಿದೆ. ಅಂಕಿ ತಪ್ಪಾದರೆ ಉಜ್ಜಿ ಅಳಿಸುವಂತಿರಲಿಲ್ಲ. ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಚಿಕ್ಕ ಸಹಿ ಹಾಕಬೇಕಿತ್ತು. ಹಳೆಯ ಅಂಕಿ ಕಾಣುತ್ತಲೇ ಇರಬೇಕು. ಎಡಿಟಿಂಗಿಗೂ ಇದೇ ನಿಯಮ ಸಾಕು. ಚಿಂಪಾಂಜಿಯ ಕಪ್ಪು ಮುಖದಲ್ಲಿ ಕಣ್ಣು ಕಾಣುವಷ್ಟು ನೆರಳನ್ನು ತಿಳಿಯಾಗಿಸಬಹುದು, ಬಣ್ಣವನ್ನು ಹದಕ್ಕೆ ತರಬಹುದು. ಅದರ ಮುಖದಲ್ಲಿ ಇಲ್ಲದ ಸಂತೋಷವನ್ನೋ ಕಣ್ಣೀರನ್ನೋ ನಾವು ಬರೆಯಬಾರದು.

ಮೊಮ್ಮಗಳು ಸಪ್ಪಗಾದಳು. ಮಾರನೆಯ ದಿನ ತಾನಾಗಿಯೇ ಫೋನ್ ತಂದು ನನ್ನ ಪಕ್ಕ ಕುಳಿತಳು. ನೆರಳು ತಿಳಿಯಾಗಿಸಿದೆವು, ಕಣ್ಣುಗಳು ಕಂಡವು. ಮೂಲೆಯಲ್ಲಿದ್ದ ಕೈ ಅಂದಗೆಡಿಸುತ್ತಿದೆ, ಅಷ್ಟು ಭಾಗ ಕತ್ತರಿಸೋಣವೇ ಎಂದು ಕೇಳಿದೆ.

“ಬೇಡ ತಾತ. ಆ ಕೈ ಇದ್ದರೇನೆ ಅದು ಯಾಕೆ ಹೆದರಿದೆ ಅಂತ ಗೊತ್ತಾಗೋದು” ಎಂದಳು. ಚಿತ್ರಕ್ಕೆ ‘ಕಿರುಚಬೇಡಿ, ನನಗೆ ಭಯ’ ಎಂದು ಹೊಸ ಹೆಸರಿಟ್ಟಳು.

ಬಹುಮಾನ ಬರಲಿಲ್ಲ. ಆದರೆ ಅದರ ಮುಂದೆ ನಿಂತ ಚಿಕ್ಕ ಮಕ್ಕಳು ‘ಇದು ನಗ್ತಿಲ್ವಾ?’ ಎಂದು ಕೇಳಿದಾಗಲೆಲ್ಲ ಇವಳು ಟೀಚರಿನಂತೆ ವಿವರಿಸುತ್ತಿದ್ದಳು.

ಮಕ್ಕಳೇ, ಈ ರಜೆಯಲ್ಲಿ ಅಜ್ಜ-ಅಜ್ಜಿಯರನ್ನು ಮೃಗಾಲಯಕ್ಕೆ ಕರೆದುಕೊಂಡು ಹೋಗಿ. ಒಂದೇ ಪ್ರಾಣಿಯ ಮುಂದೆ ಹತ್ತು ನಿಮಿಷ ಸದ್ದಿಲ್ಲದೆ ನಿಲ್ಲಿ. ಕಿವಿ, ಕಣ್ಣು, ಬಾಯಿ ಹೇಗೆ ಬದಲಾಗುತ್ತವೆ ನೋಡಿ. ಫೋಟೊ ಆಮೇಲೆ ತೆಗೆಯಿರಿ.